ತಲೆಯ ನೀರು ಹೊಟ್ಟೆಗೆ ಇಳಿದ ದಾರಿ

ಮಿದುಳಿನ ಒಳಕೋಣೆಗಳಲ್ಲಿ ದಿನಕ್ಕೆ ಸುಮಾರು ಅರ್ಧ ಲೀಟರ್ ತಿಳಿಯಾದ ದ್ರವ ಹುಟ್ಟುತ್ತದೆ. ದೊಡ್ಡವರ ತಲೆ ಮತ್ತು ಬೆನ್ನುಹುರಿಯ ಸುತ್ತ ಯಾವ ಹೊತ್ತಿಗೆ ನೋಡಿದರೂ ಇರುವುದು 150 ಮಿ.ಲೀ. ಆಸುಪಾಸು ಮಾತ್ರ, ಉಳಿದದ್ದು ರಕ್ತಕ್ಕೆ ಸೇರಿಹೋಗುತ್ತದೆ. ಈ ಹರಿವಿಗೆ ಎಲ್ಲಾದರೂ ತಡೆ ಬಿದ್ದರೆ ಬರುವುದು ಹೈಡ್ರೋಸೆಫಲಸ್, ಮನೆಮಾತಿನಲ್ಲಿ ತಲೆಯಲ್ಲಿ ನೀರು ತುಂಬುವುದು. ಕೂಸಿನ ನೆತ್ತಿ ಉಬ್ಬುತ್ತದೆ, ತಲೆ ವಾರವಾರಕ್ಕೂ ದೊಡ್ಡದಾಗುತ್ತದೆ, ಕಣ್ಣುಗುಡ್ಡೆ ಕೆಳಕ್ಕೆ ಇಳಿದಂತೆ ಕಾಣುತ್ತದೆ. ಕೆಲವು ಮಕ್ಕಳಿಗೆ ಇದು ಹುಟ್ಟಿನಿಂದಲೇ ಬಂದಿರುತ್ತದೆ. ಮುಂಬೈಯಂಥ ಊರಿನಲ್ಲಿ ಇನ್ನೊಂದು ದೊಡ್ಡ ಕಾರಣವಿದೆ: ಮಿದುಳಿನ ಪೊರೆಗೆ ತಗಲುವ ಕ್ಷಯ.

ತುಂಬಿದ ನೀರನ್ನು ಹೊರಗೆ ಚೆಲ್ಲುವಂತಿಲ್ಲ, ದೇಹದೊಳಗೇ ಎಲ್ಲಿಗಾದರೂ ಹರಿಸಬೇಕು. ಎಲ್ಲಿಗೆ ಎಂಬ ಪ್ರಶ್ನೆಗೆ ಉತ್ತರ ಹುಡುಕಲು ವೈದ್ಯರಿಗೆ ಅರ್ಧ ಶತಮಾನಕ್ಕೂ ಹೆಚ್ಚು ಹಿಡಿಯಿತು. 1905ರಲ್ಲಿ ಜರ್ಮನಿಯ ವಾಲ್ಟರ್ ಕೌಶ್ ರಬ್ಬರ್ ನಳಿಕೆಯೊಂದನ್ನು ಮಿದುಳಿನಿಂದ ಹೊಟ್ಟೆಗೆ ಇಳಿಸಿದರು, ಮಗು ಉಳಿಯಲಿಲ್ಲ. ಅಮೆರಿಕದ ಹಾರ್ವೆ ಕುಶಿಂಗ್ ಬೆನ್ನುಮೂಳೆಯ ಮೂಲಕ ಹೊಟ್ಟೆಗೆ ಬೆಳ್ಳಿಯ ಕೊಳವೆ ಹಾಕಿ ನೋಡಿದರು; ಕರುಳು ಕರುಳೊಳಗೆ ಹೊಕ್ಕು ಸಿಕ್ಕಿಕೊಂಡ ಪ್ರಸಂಗಗಳು ಎದುರಾದವು. ಹೊಟ್ಟೆಯ ತೊಡಕುಗಳ ಚರಿತ್ರೆ ಅಲ್ಲಿಂದಲೇ ಶುರು. 1949ರಲ್ಲಿ ಬಾಸ್ಟನ್ನಿನ ಡೊನಾಲ್ಡ್ ಮ್ಯಾಟ್ಸನ್ ಒಂದು ಮೂತ್ರಪಿಂಡವನ್ನೇ ತೆಗೆದು, ನೀರನ್ನು ಮೂತ್ರನಾಳಕ್ಕೆ ತಿರುಗಿಸುವಷ್ಟು ದೂರ ಹೋದರು. ಬೇರೆ ದಾರಿ ಎಷ್ಟು ಕಡಿಮೆ ಇತ್ತೆಂಬುದಕ್ಕೆ ಅದೊಂದೇ ಸಾಕ್ಷಿ ಸಾಕು.

ದಾರಿ ತೆರೆದದ್ದು ವಾಲ್ವ್ ಮತ್ತು ಸಿಲಿಕೋನ್ ನಳಿಕೆ. ಅಮೆರಿಕದ ಪೆನ್ಸಿಲ್ವೇನಿಯಾದ ಯಂತ್ರಕುಶಲಿ ಜಾನ್ ಹೋಲ್ಟರ್ ಅವರ ಮಗ 1955ರಲ್ಲಿ ಈ ಕಾಯಿಲೆಯೊಂದಿಗೇ ಹುಟ್ಟಿದ. ಮಗನಿಗಾಗಿ ಕೂತು ತಂದೆ ರೂಪಿಸಿದ ಒಮ್ಮುಖ ವಾಲ್ವ್ ಮುಂದೆ ಸಾವಿರಾರು ಮಕ್ಕಳ ಕಿವಿಯ ಹಿಂದೆ ಸೇರಿತು. ಆಗ ನೀರು ಇಳಿಯುತ್ತಿದ್ದುದು ಕುತ್ತಿಗೆಯ ರಕ್ತನಾಳದ ಮೂಲಕ ಹೃದಯಕ್ಕೆ. ಮುಂಬೈಯ ನರಶಸ್ತ್ರಚಿಕಿತ್ಸಕ ಡಾ. ಎಸ್. ಎನ್. ಭಗವತಿ ಅವರು ಕ್ಷಯದಿಂದ ತಲೆಯಲ್ಲಿ ನೀರು ತುಂಬಿದ ರೋಗಿಗಳಿಗೆ ಮಾಡಿದ ಶಂಟ್ (ನೀರು ಇಳಿಸುವ ವಾಲ್ವ್ ಮತ್ತು ನಳಿಕೆ) ಚಿಕಿತ್ಸೆಯನ್ನು 1971ರಲ್ಲಿ ಅಂತರರಾಷ್ಟ್ರೀಯ ನಿಯತಕಾಲಿಕದಲ್ಲಿ ವರದಿ ಮಾಡಿದಾಗಲೂ ದಾರಿ ಹೃದಯದ್ದೇ. ಅದರ ಕಷ್ಟವೆಂದರೆ, ಸೋಂಕು ತಗಲಿದರೆ ನೇರ ರಕ್ತಕ್ಕೆ. ನಳಿಕೆಯ ತುದಿಯಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಮಗು ಎತ್ತರವಾದಂತೆ ತುದಿ ಹೃದಯದಿಂದ ಮೇಲಕ್ಕೆ ಸರಿಯುತ್ತದೆ.

ಹೊಟ್ಟೆಗೆ ಆ ತೊಂದರೆಗಳಿಲ್ಲ. ಕರುಳನ್ನು ಹೊದ್ದಿರುವ ತೆಳುಪೊರೆ, ಅಂದರೆ ಪೆರಿಟೋನಿಯಂ, ದ್ರವವನ್ನು ಹೀರಿಕೊಳ್ಳುವುದರಲ್ಲಿ ಗಟ್ಟಿಗ. ಬೆಳೆಯುವ ಮಗುವಿಗೆಂದು ನಳಿಕೆಯನ್ನು ಸುರುಳಿಸುರುಳಿಯಾಗಿ ಅಲ್ಲಿ ಹೆಚ್ಚುವರಿ ಬಿಡಬಹುದು. ಹೀಗಾಗಿ 1970ರ ದಶಕದಲ್ಲಿ ಹೊಟ್ಟೆಯೇ ಮೊದಲ ಆಯ್ಕೆಯಾಯಿತು. ಇಂದು ಶಂಟ್ ಹಾಕಿಸಿಕೊಂಡ ಮಗುವಿನ ಕಿವಿಯ ಹಿಂದೆ ಬೆರಳಾಡಿಸಿದರೆ ವಾಲ್ವಿನ ಗುಬುಟು ಸಿಗುತ್ತದೆ. ಅಲ್ಲಿಂದ ಕುತ್ತಿಗೆ, ಎದೆಯ ಚರ್ಮದಡಿ ದಪ್ಪ ದಾರದಂಥ ಏಣು ಕೆಳಗಿಳಿದು, ಹೊಟ್ಟೆಯ ಸಣ್ಣ ಗಾಯದ ಕಲೆಯ ಹತ್ತಿರ ಒಳಗೆ ಮಾಯವಾಗುತ್ತದೆ.

ಆದರೆ ಹೊಟ್ಟೆ ಸುಮ್ಮನೆ ಬಿದ್ದಿರುವ ಚೀಲವಲ್ಲ. ಕರುಳು ಹಗಲಿರುಳು ಹೊರಳುತ್ತಿರುತ್ತದೆ. ನಳಿಕೆಯ ತುದಿ ಒಂದೇ ಕಡೆ ಅಂಟಿ ನಿಂತರೆ ಸುತ್ತ ನಾರಿನ ಕವಚ ಬೆಳೆಯುತ್ತದೆ. ಕರುಳು ಹೊರಳಿದಾಗೆಲ್ಲ ತುದಿ ಅದೇ ಜಾಗವನ್ನು ಉಜ್ಜಿ ಉಜ್ಜಿ ಕೊನೆಗೆ ತೂತು ಮಾಡುತ್ತದೆ. ಇಂಥ ಪ್ರಕರಣಗಳನ್ನು 1966ರಲ್ಲಿ ವಿಲ್ಸನ್ ಮತ್ತು ಬರ್ಟಾನ್ ವರದಿ ಮಾಡಿದರು. ನಳಿಕೆ ಮಡಚಿಕೊಳ್ಳಬಾರದೆಂದು ಸ್ಪ್ರಿಂಗ್ ಸುತ್ತಿ ತಯಾರಿಸಿದ ರೈಮೊಂಡಿ ನಳಿಕೆಗಳು ತಮ್ಮ ಬಿಗುವಿನಿಂದಲೇ ಕರುಳನ್ನು ಚುಚ್ಚತೊಡಗಿ, ಬಳಕೆಯಿಂದ ಹಿಂದೆ ಸರಿದವು. ಕರುಳು ತೂತಾಗುವ ಈ ತೊಡಕು ನೂರರಲ್ಲಿ ಒಬ್ಬರಿಗೂ ಬರುವುದಿಲ್ಲ. ಬಂದಾಗ ಮಾತ್ರ ಮೋಸಗೊಳಿಸುವ ರೀತಿಯಲ್ಲಿ ಬರುತ್ತದೆ. ಕವಚವೇ ತೂತನ್ನು ಮುಚ್ಚಿಹಿಡಿಯುವುದರಿಂದ ಅನೇಕ ಮಕ್ಕಳಿಗೆ ಹೊಟ್ಟೆ ಬಿಗಿಯುವುದೂ ಇಲ್ಲ, ನೋಯುವುದೂ ಇಲ್ಲ. ಮಗುವನ್ನು ತೊಳೆಯುವಾಗ ಗುದದ್ವಾರದಲ್ಲಿ ಬಿಳಿಯ ನಳಿಕೆ ಇಣುಕಿದ್ದನ್ನು ತಾಯಿಯೇ ಮೊದಲು ನೋಡುತ್ತಾಳೆ. ಕೆಲವರು ಹುಳುವೆಂದು ತಿಳಿಯುವುದೂ ಉಂಟು. ಅದನ್ನು ಎಳೆಯಲೂ ಬಾರದು, ಒಳಗೆ ತಳ್ಳಲೂ ಬಾರದು. ಕರುಳಿನ ಬ್ಯಾಕ್ಟೀರಿಯಾಗಳಿಗೆ ಮಿದುಳಿಗೆ ಹತ್ತಲು ಅದು ಏಣಿ. ಶಸ್ತ್ರಚಿಕಿತ್ಸಕರು ನಳಿಕೆಯನ್ನು ಮೇಲೆ ಕತ್ತರಿಸಿ, ಕೆಳತುಂಡನ್ನು ಗುದದ್ವಾರದ ಕಡೆಯಿಂದಲೇ ತೆಗೆಯುತ್ತಾರೆ. ಮಿದುಳಿನ ನೀರನ್ನು ಕೆಲವು ದಿನ ಹೊರಗಿನ ಚೀಲಕ್ಕೆ ಹರಿಸಿ, ಆ್ಯಂಟಿಬಯೋಟಿಕ್ ಕೊಟ್ಟು, ಸೋಂಕು ಪೂರ್ತಿ ಇಳಿದ ಮೇಲೆ ಹೊಸ ಶಂಟ್ ಹಾಕುತ್ತಾರೆ.

ಹುಸಿಗಂಟು ಇನ್ನೊಂದು ಬಗೆಯ ತೊಡಕು. ನಳಿಕೆಯ ತುದಿಯ ಸುತ್ತ ಪೊರೆ ಕಟ್ಟಿಕೊಂಡು ನೀರು ಅದರೊಳಗೇ ನಿಲ್ಲುತ್ತದೆ. 1954ರಲ್ಲಿ ಹಾರ್ಷ್ ಇದನ್ನು ವಿವರಿಸಿದರು. ಮಗುವಿಗೆ ಮೊದಲು ಹೊಟ್ಟೆನೋವು, ವಾಂತಿ, ಕೈಗೆ ಸಿಗುವ ಉಬ್ಬು. ಆಮೇಲೆ ನೀರಿಗೆ ಹೋಗಲು ಜಾಗ ಸಾಲದೆ ತಲೆನೋವು. ಇದರ ಹಿಂದೆ ಹಲವೊಮ್ಮೆ ಜ್ವರವೇ ಬರಿಸದ ಸಣ್ಣ ಸೋಂಕು ಅಡಗಿರುತ್ತದೆ. ಸೋನೋಗ್ರಫಿಯಲ್ಲಿ ಗಂಟು ಸುಲಭವಾಗಿ ಕಾಣುತ್ತದೆ, ಆದರೆ ನೋಡಬೇಕೆಂದು ಯಾರಿಗಾದರೂ ಹೊಳೆಯಬೇಕಷ್ಟೆ. ಎಳೆಗೂಸುಗಳಲ್ಲಿ ಹೊಟ್ಟೆಯ ಒತ್ತಡ ಹೆಚ್ಚಿ ತೊಡೆಸಂದಿನ ಹರ್ನಿಯಾ, ಬೀಜಚೀಲದಲ್ಲಿ ನೀರು ಕಾಣಿಸುವುದೂ ಇದೆ.

ಮುಂಬೈಯ ಮಲಾಡಿನ ಮಾಲ್ವಣಿಯಲ್ಲೋ ಕುರಾರ್‌ನಲ್ಲೋ ಇರುವ ಮನೆಗೆ ಈ ಸಂಗತಿ ನೇರವಾಗಿ ಸಂಬಂಧಿಸಿದ್ದು. ಹೊಟ್ಟೆನೋವೆಂದರೆ ಮಗುವನ್ನು ಕರೆದೊಯ್ಯುವುದು ಗಲ್ಲಿಯ ದವಾಖಾನೆಗೆ. ಶಂಟ್ ಹಾಕಿದ್ದು ಪರೇಲಿನ ಕೆಇಎಂ, ಸಯಾನ್ ಅಥವಾ ಮುಂಬೈ ಸೆಂಟ್ರಲ್ಲಿನ ನಾಯರ್ ಆಸ್ಪತ್ರೆಯಂಥ ದೂರದ ಕಡೆ, ಲೋಕಲ್ ಹತ್ತಿ ಹೋಗಬೇಕಾದ ಜಾಗದಲ್ಲಿ. ದವಾಖಾನೆಯಲ್ಲಿ ಮೊದಲ ಮಾತಿಗೇ ಶಂಟಿನ ವಿಷಯ ಹೇಳದಿದ್ದರೆ ವಾಂತಿಗೆ ಮಾತ್ರೆ ಸಿಗುತ್ತದೆ, ದಿನಗಳು ಕಳೆಯುತ್ತವೆ. ಡಿಸ್ಚಾರ್ಜ್ ಕಾಗದ ಪ್ಲಾಸ್ಟಿಕ್ ಕವರಿನಲ್ಲಿ ಯಾವಾಗಲೂ ಕೈಗೆಟಕುವಂತಿರಬೇಕು.

ಬಡವರ ಕೈಗೆಟಕುವ ಶಂಟ್ ನಮ್ಮಲ್ಲೇ ಇದೆ. ಉತ್ತರ ಪ್ರದೇಶದ ಶಾಹಜಹಾನ್‌ಪುರದಲ್ಲಿ ತಯಾರಾಗುವ ಛಾಬ್ರಾ ಶಂಟನ್ನು ಡಾ. ಬೆಂಜಮಿನ್ ವಾರ್ಫ್ ಉಗಾಂಡದ 195 ಮಕ್ಕಳ ಅಧ್ಯಯನದಲ್ಲಿ ದುಬಾರಿ ಶಂಟಿನೊಡನೆ ಹೋಲಿಸಿದರು. 2005ರಲ್ಲಿ ಪ್ರಕಟವಾದ ಆ ವರದಿಯಲ್ಲಿ ಒಂದು ವರ್ಷದ ಫಲಿತಾಂಶದಲ್ಲಿ ಎದ್ದು ಕಾಣುವ ವ್ಯತ್ಯಾಸವಿರಲಿಲ್ಲ. ಸೋಂಕಿನ ವಿಷಯದಲ್ಲೂ ದಾರಿ ಸಿಕ್ಕಿದೆ: ಬ್ರಿಟನ್ ಮತ್ತು ಐರ್ಲೆಂಡಿನಲ್ಲಿ ನಡೆದು 2019ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ ಸಾಮಾನ್ಯ ನಳಿಕೆಗೆ ಶೇ 6ರಷ್ಟಿದ್ದ ಸೋಂಕು, ಆ್ಯಂಟಿಬಯೋಟಿಕ್ ಹೀರಿದ ನಳಿಕೆಗೆ ಶೇ 2.2ಕ್ಕೆ ಇಳಿಯಿತು.

ಮಿದುಳಿನೊಳಗೇ ಎಂಡೋಸ್ಕೋಪಿನಿಂದ ಕಿಂಡಿ ತೆರೆದು ನಳಿಕೆಯ ಹಂಗೇ ಇಲ್ಲದಂತೆ ಮಾಡುವ ಚಿಕಿತ್ಸೆಯೂ ಇದೆ. ಎಲ್ಲ ಮಕ್ಕಳಿಗೂ ಅದು ಒಗ್ಗದು. ಉಳಿದವರಿಗೆ ಹೊಟ್ಟೆಯೇ ಗತಿ. ಹೊಟ್ಟೆಯ ಕ್ಷಯದಿಂದಲೋ ಹಳೆಯ ಸೋಂಕುಗಳಿಂದಲೋ ಪೊರೆ ಅಂಟಿಕೊಂಡು ನೀರು ಹೀರದಂತಾದರೆ, ಶಸ್ತ್ರಚಿಕಿತ್ಸಕರು ಎದೆಗೂಡಿಗೆ ಹರಿಸುತ್ತಾರೆ, ಇಲ್ಲವೇ ಒಮ್ಮೆ ಕೈಬಿಟ್ಟಿದ್ದ ಹೃದಯದ ದಾರಿಯನ್ನೇ ಮತ್ತೆ ಹಿಡಿಯುತ್ತಾರೆ.