ನೂರು ಹನ್ನೆರಡಾದದ್ದು ಹೇಗೆ?

ಮನೆಗೆ ಹೊಸದಾಗಿ ಫೈಬರ್ ಸಂಪರ್ಕ ಪಡೆದ ಅನೇಕರದು ಒಂದೇ ದೂರು. ರಸೀದಿಯಲ್ಲಿ ‘100 ಎಂಬಿಪಿಎಸ್’ ಎಂದಿರುತ್ತದೆ. ಕಡತ ಇಳಿಸಿಕೊಳ್ಳುವಾಗ ಕಂಪ್ಯೂಟರಿನ ಪರದೆ ಮಾತ್ರ ಸೆಕೆಂಡಿಗೆ 12 ಎಂಬಿ ಎಂದು ತೋರಿಸುತ್ತದೆ. ನಮ್ಮ ಬೀದಿಯ ಹಿರಿಯರೊಬ್ಬರು ಕೇಬಲ್ ಹುಡುಗನನ್ನು ತಡೆದು, “ಏನಪ್ಪಾ, ನೂರು ಅಂತ ದುಡ್ಡು ತಗೊಂಡು ಹನ್ನೆರಡು ಕೊಡ್ತಿದ್ದೀಯಲ್ಲ?” ಎಂದು ಗದರಿದರು. “ನಮ್ಮ ಕಡೆಯಿಂದ ಸರಿಯಾಗೇ ಬರ್ತಿದೆ ಸಾರ್” ಎಂದ ಹುಡುಗನಿಗೆ ಅದಕ್ಕಿಂತ ಹೆಚ್ಚು ವಿವರಿಸಲು ಬರಲಿಲ್ಲ. ಇಬ್ಬರ ಮಾತೂ ನಿಜವೇ!

ಅಜ್ಜಿಯರ ಕಾಲದ ಪಾವು, ಸೇರುಗಳನ್ನು ನೆನಪಿಸಿಕೊಳ್ಳಿ. ನಾಲ್ಕು ಪಾವಿಗೆ ಒಂದು ಸೇರು. ಅಂಗಡಿಯವನು ನೂರು ಪಾವು ಅಕ್ಕಿ ಕೊಟ್ಟರೆ, ಮನೆಯಲ್ಲಿ ಸೇರಿನಲ್ಲಿ ಅಳೆದಾಗ ಇಪ್ಪತ್ತೈದೇ ಆಗುತ್ತದೆ. ಅಕ್ಕಿಯೇನೂ ಕಡಿಮೆಯಾಗಿಲ್ಲ. ಇಲ್ಲಿಯೂ ಹಾಗೆಯೇ. ಸೊನ್ನೆ ಅಥವಾ ಒಂದು ಎಂದಷ್ಟೇ ಹೇಳಬಲ್ಲ ಅತಿ ಚಿಕ್ಕ ಮಾಹಿತಿಗೆ ಬಿಟ್ ಎನ್ನುತ್ತಾರೆ. ಅಂಥ 8 ಬಿಟ್‌ಗಳು ಸೇರಿದರೆ ಒಂದು ಬೈಟ್. ತಂತಿಯಲ್ಲಿ ಸಂಕೇತಗಳು ಒಂದರ ಹಿಂದೆ ಒಂದು ಸಾಗುವುದರಿಂದ ಸಂಪರ್ಕದವರು ಬಿಟ್‌ಗಳಲ್ಲಿ ಎಣಿಸುತ್ತಾರೆ. ಡಿಸ್ಕ್ ಮಾಡುವವರದು ಬೈಟ್‌ಗಳ ಲೆಕ್ಕ, ಏಕೆಂದರೆ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು. (ಈಗ ಬಳಕೆಯಲ್ಲಿರುವ ಯುಟಿಎಫ್-8 ಪದ್ಧತಿಯಲ್ಲಿ ನಮ್ಮ ‘ಕ’ಕ್ಕೆ 3 ಬೈಟ್ ಬೇಕು!) ಇಂಗ್ಲಿಷಿನ ಸಣ್ಣ ‘ಬಿ’ ಅಕ್ಷರ ಬರೆದಿದ್ದರೆ ಬಿಟ್, ದೊಡ್ಡದಿದ್ದರೆ ಬೈಟ್. ನೂರನ್ನು ಎಂಟರಿಂದ ಭಾಗಿಸಿದರೆ 12.5. ಹಿರಿಯರಿಗೆ ಸಲ್ಲಬೇಕಾದದ್ದು ಸಂದಿತ್ತು.

ಫೈಬರಿನಲ್ಲಿ ಹರಿಯುವುದು ಬೆಳಕು, ಆದ್ದರಿಂದಲೇ ಅದು ವೇಗ ಎಂಬ ಮಾತನ್ನು ಮಕ್ಕಳು ಪರೀಕ್ಷೆಯಲ್ಲಿ ಬರೆಯುವುದುಂಟು. ಇದು ಅರೆಸತ್ಯ. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಸಾಗುತ್ತದೆ. ತಾಮ್ರದ ಕೇಬಲಿನಲ್ಲಿ ವಿದ್ಯುತ್ ಸಂಕೇತದ ಓಟವೂ ಹೆಚ್ಚುಕಡಿಮೆ ಅಷ್ಟೇ. ವ್ಯತ್ಯಾಸವಿರುವುದು ಒಂದು ಸೆಕೆಂಡಿನಲ್ಲಿ ಎಷ್ಟು ಬಿಟ್‌ಗಳನ್ನು ತುಂಬಿ ಕಳಿಸಬಹುದು, ಅವು ಎಷ್ಟು ದೂರ ಕೆಡದೆ ಹೋಗುತ್ತವೆ ಎಂಬುದರಲ್ಲಿ. ಗಾಜಿನ ಕಲ್ಮಶಗಳನ್ನು ತೆಗೆದರೆ ಬೆಳಕು ಬಹುದೂರ ಹೋಗಬಲ್ಲದೆಂದು 1966ರಲ್ಲಿ ತೋರಿಸಿಕೊಟ್ಟವರು ಚಾರ್ಲ್ಸ್ ಕಾವೋ. ಅವರಿಗೆ 2009ರಲ್ಲಿ ನೊಬೆಲ್ ಪ್ರಶಸ್ತಿ ಬಂದಿತು.

ಈಗ ಹಳೆಯ ಸಂಗ್ರಹ ಸಾಧನಗಳತ್ತ ಬರೋಣ. ಬೀರುವಿನ ಮೂಲೆಯಲ್ಲಿ ಮೂರೂವರೆ ಇಂಚಿನ ಫ್ಲಾಪಿ ಇದ್ದರೆ ಮಕ್ಕಳಿಗೆ ತೋರಿಸಿ. ಅದಕ್ಕೆ ಎರಡು ಮುಖ, ಒಂದೊಂದು ಮುಖದಲ್ಲಿ 80 ವೃತ್ತಾಕಾರದ ಹಾದಿಗಳು, ಒಂದೊಂದು ಹಾದಿಯಲ್ಲಿ 18 ಖಂಡಗಳು, ಒಂದೊಂದು ಖಂಡದಲ್ಲಿ 512 ಬೈಟ್. ಗುಣಿಸಿದರೆ 14,74,560 ಬೈಟ್. ಅದು ನಿಮಿಷಕ್ಕೆ 300 ಸುತ್ತು, ಅಂದರೆ ಸೆಕೆಂಡಿಗೆ 5 ಸುತ್ತು ತಿರುಗುತ್ತದೆ. ಒಂದು ಸುತ್ತಿಗೆ 9,216 ಬೈಟ್ ಸಿಕ್ಕರೆ ಸೆಕೆಂಡಿಗೆ 46,080 ಬೈಟ್. ಎಂಟರಿಂದ ಗುಣಿಸಿ: 3,68,640 ಬಿಟ್. 100 ಎಂಬಿಪಿಎಸ್ ಎಂದರೆ ಸೆಕೆಂಡಿಗೆ 10 ಕೋಟಿ ಬಿಟ್. ಆ ಫೈಬರನ್ನು ಪೂರ್ತಿ ತುಂಬಿಸಲು 272 ಫ್ಲಾಪಿಗಳು ಒಟ್ಟಿಗೆ ತಿರುಗಬೇಕು!

ಸಿ.ಡಿ.ಯ ಕಥೆ ಇನ್ನೂ ಸ್ವಾರಸ್ಯದ್ದು. ಅದರ ಮೂಲ ವೇಗ, ಅಂದರೆ ‘1 ಎಕ್ಸ್’, ಸೆಕೆಂಡಿಗೆ 1,53,600 ಬೈಟ್. ಡ್ರೈವಿನ ಮೇಲೆ ‘52 ಎಕ್ಸ್’ ಎಂದು ಬರೆದಿದ್ದರೆ ಅದರ 52 ಪಟ್ಟು. ಬಿಟ್‌ಗಳಿಗೆ ಪರಿವರ್ತಿಸಿದಾಗ ಸುಮಾರು 64 ಎಂಬಿಪಿಎಸ್ ಆಗುತ್ತದೆ. ಒಂದು ಕಾಲಕ್ಕೆ ಅಂಗಡಿಯವರು ಹೆಮ್ಮೆಯಿಂದ ತೋರಿಸುತ್ತಿದ್ದ ಆ ಡ್ರೈವ್ ಕೂಡ ಇಂದಿನ ಸಾಧಾರಣ ಫೈಬರಿಗೆ ಸಾಟಿಯಾಗದು.

ಪೋಷಕರ ಜೇಬಿಗೆ ಸಂಬಂಧಿಸಿದ ವಿಷಯ ಇಲ್ಲಿಯೇ ಇದೆ. ಮೇಲಿನ ಹಿರಿಯರು ಸಿಟ್ಟಿನಲ್ಲಿ ಹೆಚ್ಚು ದುಡ್ಡು ಕೊಟ್ಟು 200 ಎಂಬಿಪಿಎಸ್ ಹಾಕಿಸಿಕೊಂಡರು. ಆದರೆ ಮೊಮ್ಮಗಳು ಪಾಠದ ವಿಡಿಯೋಗಳನ್ನು ನೇರವಾಗಿ ಇಳಿಸಿಕೊಳ್ಳುತ್ತಿದ್ದುದು ಹಳೆಯ ಪೆನ್‌ಡ್ರೈವ್ ಒಂದಕ್ಕೆ. ಅದು ಸೆಕೆಂಡಿಗೆ 5 ಮೆಗಾಬೈಟ್ ಬರೆಯುತ್ತದೆ ಎಂದಿಟ್ಟುಕೊಳ್ಳಿ, ಅಂದರೆ 40 ಎಂಬಿಪಿಎಸ್. 700 ಮೆಗಾಬೈಟಿನ ಕಡತಕ್ಕೆ 140 ಸೆಕೆಂಡು ಬೇಕು. ಫೈಬರ್ ನೂರಿರಲಿ, ಇನ್ನೂರಿರಲಿ, ಅಷ್ಟು ಕಾಯಲೇಬೇಕು. ನಲ್ಲಿ ಎಷ್ಟು ಜೋರಾಗಿ ಬಂದರೇನು, ಕೊಡದ ಕಂಠ ಸಣ್ಣದಲ್ಲವೇ? ದುಡ್ಡು ಖರ್ಚು ಮಾಡುವ ಮೊದಲು ಎರಡೂ ಕಡೆಯ ವೇಗವನ್ನು ಒಂದೇ ಮಾನಕ್ಕೆ ತಂದು ನೋಡಿ. ಹೆಚ್ಚಿನ ಮನೆಗಳಿಗೆ ನೂರು ಧಾರಾಳ ಎಂಬುದು ನನ್ನ ಅಭಿಪ್ರಾಯ.

ಇನ್ನೊಂದು ಸಣ್ಣ ತೊಡಕಿದೆ. ಸಂಪರ್ಕದವರಿಗೆ ‘ಮೆಗಾ’ ಎಂದರೆ 10 ಲಕ್ಷ. ವಿಂಡೋಸ್ 1,024ನ್ನು 1,024ರಿಂದ ಗುಣಿಸಿ 10,48,576 ಎಂದು ಹಿಡಿಯುತ್ತದೆ. ಆದ್ದರಿಂದ 500 ಗಿಗಾಬೈಟ್ ಎಂದು ಕೊಂಡ ಡಿಸ್ಕ್ ಅದರಲ್ಲಿ 465 ಎಂದು ಕಾಣುತ್ತದೆ. ಫ್ಲಾಪಿಯ ‘1.44’ ಇನ್ನೂ ವಿಚಿತ್ರ. ಅಲ್ಲಿ 1,000ವನ್ನು 1,024ರಿಂದ ಗುಣಿಸಿದ್ದಾರೆ. ಎರಡು ಪದ್ಧತಿಗಳ ಕಲಬೆರಕೆ!

ಹಳೆಯ ಸಾಧನಗಳು ಎಲ್ಲ ಕಡೆಯೂ ಸೋಲುತ್ತವೆಯೇ? ವಿದ್ಯಾರ್ಥಿಗಳು ಈ ಲೆಕ್ಕ ಮಾಡಿ ನೋಡಿ. 1 ಟೆರಾಬೈಟ್, ಅಂದರೆ 10 ಲಕ್ಷ ಮೆಗಾಬೈಟ್ ತುಂಬಿದ ಹಾರ್ಡ್ ಡಿಸ್ಕನ್ನು ಚೀಲದಲ್ಲಿ ಹಾಕಿಕೊಂಡು ಬೆಂಗಳೂರಿನಲ್ಲಿ ಮೈಸೂರು ಬಸ್ಸು ಹತ್ತಿದ್ದೀರಿ. ಪ್ರಯಾಣ ಮೂರು ಗಂಟೆ, ಅಂದರೆ 10,800 ಸೆಕೆಂಡು. ಬಸ್ಸಿನ ‘ವೇಗ’ 740 ಎಂಬಿಪಿಎಸ್ ಆಯಿತು! ಅದನ್ನೇ 100 ಎಂಬಿಪಿಎಸ್ ಫೈಬರಿನಲ್ಲಿ ಕಳಿಸಿದರೆ 80,000 ಸೆಕೆಂಡು, ಅಂದರೆ 22 ಗಂಟೆ ದಾಟುತ್ತದೆ. ಡಿಸ್ಕಿಗೆ ತುಂಬುವುದು, ಮೈಸೂರಿನಲ್ಲಿ ಮತ್ತೆ ತೆಗೆಯುವುದು ಇವೆಯಲ್ಲ ಎಂದು ನೀವು ಕೇಳಬಹುದು. ಸೆಕೆಂಡಿಗೆ 100 ಮೆಗಾಬೈಟಿನಂತೆ ಒಂದೊಂದಕ್ಕೆ 10,000 ಸೆಕೆಂಡು ಸೇರಿಸಿದರೂ ಒಟ್ಟು ಸುಮಾರು ಎಂಟೂವರೆ ಗಂಟೆಯಲ್ಲಿ ಕೆಲಸ ಮುಗಿಯುತ್ತದೆ. ಫೈಬರ್ 1,000 ಎಂಬಿಪಿಎಸ್ ಆಗಿದ್ದರೆ ಬಸ್ಸು ಸೋಲುತ್ತದೆ. ಆದರೆ ಆಗ ತಡೆಯುವುದು ಫೈಬರಲ್ಲ, ಡಿಸ್ಕು. ಹೇಗೆಂದು ನೀವೇ ಎಂಟರಿಂದ ಗುಣಿಸಿ ನೋಡಿ.