ವಯಸ್ಕರಲ್ಲಿ ಕಾಮಣಿ (ವೈರಲ್ ಹೆಪಟೈಟಿಸ್): ಕಾರಣ, ಲಕ್ಷಣ ಹಾಗೂ ಗ್ರಾಮ ಪಂಚಾಯತಿಯ ಹೊಣೆ

ಚಚಡಿ ಹಾಗೂ ಸುತ್ತಲಿನ ಗ್ರಾಮಗಳಲ್ಲಿ ಕಾಮಣಿ ಎಂದು ಕರೆಯುವ ಕಾಮಾಲೆಯು ಸ್ವತಃ ಒಂದು ರೋಗವಲ್ಲ. ಅದು ಯಕೃತ್ತಿಗೆ ತೊಂದರೆಯಾಗಿರುವುದರ ಲಕ್ಷಣ. ವೈರಾಣುಗಳಿಂದ ಯಕೃತ್ತಿಗೆ ಹಠಾತ್ತನೆ ಉಂಟಾಗುವ ಉರಿಯೂತವು ಇದರ ಮುಖ್ಯ ಕಾರಣಗಳಲ್ಲೊಂದು.

ಕಾರಣಗಳು
ಹೆಪಟೈಟಿಸ್ ಎ ಮತ್ತು ಇ ವೈರಾಣುಗಳು ರೋಗಿಯ ಮಲದಿಂದ ಕಲುಷಿತಗೊಂಡ ನೀರು ಹಾಗೂ ಆಹಾರದ ಮೂಲಕ ಹರಡುತ್ತವೆ. ಬಿ ಮತ್ತು ಸಿ ವೈರಾಣುಗಳು ಸೋಂಕಿತ ರಕ್ತ, ಒಬ್ಬರಿಗೆ ಬಳಸಿದ ಸೂಜಿ ಅಥವಾ ಬ್ಲೇಡು, ಲೈಂಗಿಕ ಸಂಪರ್ಕ ಹಾಗೂ ತಾಯಿಯಿಂದ ಮಗುವಿಗೆ ಹರಡಬಲ್ಲವು. ಡಿ ವೈರಾಣು ಬಿ ಸೋಂಕು ಇದ್ದವರಿಗೆ ಮಾತ್ರ ತಗಲುತ್ತದೆ.

1955–56ರಲ್ಲಿ ಯಮುನೆಗೆ ಕೊಳಚೆ ಸೇರಿ ದೆಹಲಿಯಲ್ಲಿ ಸುಮಾರು 29,000 ಜನರಿಗೆ ಕಾಮಾಲೆಯಾಯಿತು. ಆಗ ನೀರಿಗೆ ಕ್ಲೋರಿನ್ ಹೆಚ್ಚಿಸಿದ್ದರಿಂದ ಟೈಫಾಯ್ಡ್ ಹೆಚ್ಚಲಿಲ್ಲ. ಕಾಮಾಲೆ ಮಾತ್ರ ನಿಲ್ಲಲಿಲ್ಲ. ಅದು ಹೆಪಟೈಟಿಸ್ ಇ ಎಂಬುದು ದಶಕಗಳ ನಂತರ ತಿಳಿಯಿತು. 2012ರಲ್ಲಿ ನೆರೆಯ ಇಚಲಕರಂಜಿಯಲ್ಲಿಯೂ ಕಲುಷಿತ ನೀರಿನಿಂದ ಇದೇ ರೋಗ ಹರಡಿತ್ತು.

ಲಕ್ಷಣಗಳು
ಮೊದಲು ಸಣ್ಣ ಜ್ವರ, ಸುಸ್ತು, ಹಸಿವಿಲ್ಲದಿರುವಿಕೆ, ವಾಕರಿಕೆ, ಬಲಪಕ್ಕೆಯ ಕೆಳಗೆ ನೋವು ಕಾಣುತ್ತವೆ. ಕೆಲವು ದಿನಗಳಲ್ಲಿ ಮೂತ್ರ ಗಾಢ ಹಳದಿಯಾಗಿ, ಕಣ್ಣು ಮತ್ತು ಚರ್ಮ ಹಳದಿಯಾಗುತ್ತವೆ. ಎ ಮತ್ತು ಇ ಸೋಂಕು ತಗಲಿದ ಎರಡರಿಂದ ಹತ್ತು ವಾರಗಳೊಳಗೆ ಲಕ್ಷಣಗಳು ತೋರುವುದರಿಂದ, ಇಂದು ಕಾಣುವ ರೋಗಿ ಹಲವು ವಾರಗಳ ಹಿಂದಿನ ಕೆಟ್ಟ ನೀರಿನ ಸುಳಿವಾಗಿರಬಹುದು.

ಮಂಪರು, ಗೊಂದಲದ ಮಾತು, ನಿಲ್ಲದ ವಾಂತಿ, ರಕ್ತಸ್ರಾವ ಕಂಡುಬಂದರೆ ತಡಮಾಡದೆ ಆಸ್ಪತ್ರೆಗೆ ಸಾಗಿಸಬೇಕು. ಗರ್ಭಿಣಿಯರಿಗೆ, ಅದರಲ್ಲೂ ಕೊನೆಯ ಮೂರು ತಿಂಗಳಲ್ಲಿ, ಹೆಪಟೈಟಿಸ್ ಇ ಪ್ರಾಣಾಂತಿಕವಾಗಬಲ್ಲದು. ಆದ್ದರಿಂದ ಕಾಮಣಿಯ ಚಿಹ್ನೆ ಇರುವ ಗರ್ಭಿಣಿಯನ್ನು ಅದೇ ದಿನ ವೈದ್ಯರಿಗೆ ತೋರಿಸತಕ್ಕದ್ದು.

ಚಿಕಿತ್ಸೆ
ಎ ಮತ್ತು ಇ ಸೋಂಕಿಗೆ ಸಾಮಾನ್ಯವಾಗಿ ವಿಶ್ರಾಂತಿ, ನೀರು ಹಾಗೂ ಸಾಕಷ್ಟು ಆಹಾರವೇ ಚಿಕಿತ್ಸೆ. ಬರೆ ಹಾಕಿಸುವುದು, ಪಥ್ಯದ ಹೆಸರಿನಲ್ಲಿ ಊಟ ಬಿಡಿಸುವುದು, ಮದ್ಯಪಾನ ಹಾಗೂ ವೈದ್ಯರನ್ನು ಕೇಳದೆ ಮಾತ್ರೆ ನುಂಗುವುದು ಹಾನಿಕರ. 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಬಿ ಮತ್ತು ಸಿ ಪರೀಕ್ಷೆ ಹಾಗೂ ಚಿಕಿತ್ಸೆ ಉಚಿತ.

ಸದಸ್ಯರು ಗಮನಿಸಬೇಕಾದ ಅಂಶಗಳು
1. ಚರಂಡಿಯಲ್ಲಿ ಹಾದುಹೋಗುವ ಹಾಗೂ ಸೋರುವ ನೀರಿನ ಕೊಳವೆಗಳನ್ನು ಮಳೆಗಾಲಕ್ಕೆ ಮೊದಲೇ ದುರಸ್ತಿ ಮಾಡಿಸುವುದು.
2. ನಳದ ನೀರಿನಲ್ಲಿ ಉಳಿಕೆ ಕ್ಲೋರಿನ್ ಲೀಟರಿಗೆ ಕನಿಷ್ಠ 0.2 ಮಿ.ಗ್ರಾಂ ಇರಬೇಕು, ವೈರಾಣುಗಳಿಂದ ರಕ್ಷಣೆ ಬೇಕಾದಾಗ 0.5 ಮಿ.ಗ್ರಾಂ. ಟ್ಯಾಂಕಿನ ಬಳಿಯಷ್ಟೇ ಅಲ್ಲ, ಕೊನೆಯ ಮನೆಯ ನಳದಲ್ಲಿಯೂ ಪರೀಕ್ಷಿಸುವುದು.
3. ಒಂದೇ ಓಣಿಯಲ್ಲಿ ಎರಡು ಮೂರು ಪ್ರಕರಣ ಕಂಡರೆ ಆಶಾ ಕಾರ್ಯಕರ್ತೆಯರ ಮೂಲಕ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕೂಡಲೇ ತಿಳಿಸುವುದು. ನೀರು ಕುದಿಸಿ ಕುಡಿಯುವಂತೆ ಡಂಗುರ ಸಾರಿಸುವುದು.
4. ನವಜಾತ ಶಿಶುಗಳಿಗೆ 24 ಗಂಟೆಯೊಳಗೆ ಹೆಪಟೈಟಿಸ್ ಬಿ ಲಸಿಕೆ ದೊರೆಯುವಂತೆ ನೋಡಿಕೊಳ್ಳುವುದು.

ಕಾಮಣಿಗೆ ಮದ್ದು ಹುಡುಕುವ ಮೊದಲು ಊರಿನ ನೀರನ್ನು ಪರಿಶೀಲಿಸುವುದು ಪಂಚಾಯತಿಯ ಕೈಯಲ್ಲೇ ಇರುವ ಕೆಲಸ.