ಪುಟದ ಬಣ್ಣ ಓದುಗರ ಕೈಗೆ ಬಂದ ಬಗೆ

ಮೂಲೆಯಲ್ಲಿರುವ ಚಂದ್ರನ ಗುರುತನ್ನು ಒತ್ತಿದರೆ ಸಾಕು, ಬೆಳ್ಳಗಿದ್ದ ವೆಬ್ ಪುಟ ಕಪ್ಪಾಗುತ್ತದೆ. ಇಂದು ಇಷ್ಟು ಸುಲಭವಾಗಿರುವ ಈ ಸೌಲಭ್ಯದ ಹಿಂದೆ ದೊಡ್ಡ ಪ್ರಶ್ನೆಯೊಂದಿತ್ತು: ಪುಟದ ಬಣ್ಣ ತೀರ್ಮಾನಿಸಬೇಕಾದವರು ಅದನ್ನು ಮಾಡಿದವರೋ, ಓದುವವರೋ?

ಮೊಸಾಯಿಕ್, ನೆಟ್‌ಸ್ಕೇಪ್ ಬ್ರೌಸರ್‌ಗಳ ಆರಂಭದ ದಿನಗಳಲ್ಲಿ ಪುಟಗಳ ಹಿನ್ನೆಲೆ ಬೂದು ಬಣ್ಣದ್ದು. 1995ರಲ್ಲಿ ನೆಟ್‌ಸ್ಕೇಪ್ 1.1 ಬಂದಾಗ, ಪುಟ ಮಾಡುವವರಿಗೆ ಬೇಕಾದ ಬಣ್ಣ ಹಚ್ಚುವ ಅವಕಾಶ ಸಿಕ್ಕಿತು. ಅದಕ್ಕೂ ಮೊದಲೇ, 1994ರ ಅಕ್ಟೋಬರ್ 10ರಂದು, ಜಿನೀವಾ ಬಳಿಯ ಸರ್ನ್ ಸಂಸ್ಥೆಯಲ್ಲಿದ್ದ ಹೊಕಾನ್ ವಿಯುಮ್ ಲೀ ಬೇರೆಯದೇ ದಾರಿ ಸೂಚಿಸಿದ್ದರು. ಪುಟದ ಅಂದಚಂದದಲ್ಲಿ ಓದುಗರ ಮಾತಿಗೂ ಬೆಲೆ ಇರಬೇಕು ಎಂಬುದು ಅವರ ಸಲಹೆ. ಅದೇ ಪುಟದ ಬಣ್ಣ, ವಿನ್ಯಾಸಗಳನ್ನು ವಿವರಿಸುವ ಸಿಎಸ್‌ಎಸ್ ಭಾಷೆಯಾಗಿ ಬೆಳೆದು 1996ರ ಡಿಸೆಂಬರ್‌ನಲ್ಲಿ ಮಾನ್ಯತೆ ಪಡೆಯಿತು. ಆದರೆ ಪುಟ ಮಾಡಿದವರೂ ಓದುಗರೂ ಪಟ್ಟು ಹಿಡಿದರೆ ಮೊದಲ ಆವೃತ್ತಿಯಲ್ಲಿ ಗೆಲ್ಲುತ್ತಿದ್ದದ್ದು ಪುಟ ಮಾಡಿದವರೇ. 1998ರ ಎರಡನೇ ಆವೃತ್ತಿ ಈ ನಿಯಮವನ್ನು ತಿರುಗಿಸಿ, ಕೊನೆಯ ಮಾತನ್ನು ಓದುಗರಿಗೆ ಬಿಟ್ಟಿತು.

ಹಕ್ಕೇನೋ ಸಿಕ್ಕಿತು, ಆದರೆ ಸ್ವಂತ ಸಿಎಸ್‌ಎಸ್ ಬರೆದುಕೊಳ್ಳಬಲ್ಲ ಓದುಗರು ಎಷ್ಟು ಮಂದಿ? ಆ ಕೊರತೆ ತುಂಬಿದ್ದು ಪುಟ್ಟ ಸ್ಕ್ರಿಪ್ಟ್‌ಗಳು. 1995ರಲ್ಲಿ ಬ್ರೆಂಡನ್ ಐಕ್ ಹತ್ತೇ ದಿನಗಳಲ್ಲಿ ರೂಪಿಸಿದ ಜಾವಾಸ್ಕ್ರಿಪ್ಟ್‌ನಿಂದ, ಪಟ್ಟಿಯಲ್ಲಿ ಬಣ್ಣ ಆರಿಸಿದ ಕೂಡಲೇ ಹಿನ್ನೆಲೆ ಬದಲಿಸಲು ಸಾಧ್ಯವಾಯಿತು. ಆದರೆ ಮುಂದಿನ ಪುಟಕ್ಕೆ ಹೋದರೆ ಆ ಆಯ್ಕೆ ಅಳಿಸಿಹೋಗುತ್ತಿತ್ತು. ಅದನ್ನು ನೆನಪಿಡಲು ನೆರವಾದದ್ದು ಲೂ ಮೊಂಟುಲಿ 1994ರಲ್ಲಿ ರೂಪಿಸಿದ್ದ ಕುಕೀ, ಅಂದರೆ ತಾಣವು ಬ್ರೌಸರ್‌ನಲ್ಲಿ ಉಳಿಸಿಡುವ ಪುಟ್ಟ ಮಾಹಿತಿ.

ಈಗ ಕುಕೀಯ ಬದಲು ಬ್ರೌಸರ್‌ನ ಲೋಕಲ್ ಸ್ಟೋರೇಜ್‌ನಲ್ಲೇ ಆಯ್ಕೆಯನ್ನು ಉಳಿಸಬಹುದು. ಬಣ್ಣಗಳನ್ನು ಸಿಎಸ್‌ಎಸ್ ವೇರಿಯಬಲ್‌ಗಳಲ್ಲಿ ಒಂದೆಡೆ ಬರೆದಿಟ್ಟರೆ, ಹತ್ತಾರು ಸಾಲುಗಳ ಸ್ಕ್ರಿಪ್ಟ್ ಇಡೀ ತಾಣದ ಬಣ್ಣ ಬದಲಿಸಬಲ್ಲದು. ಉಳಿಸಿದ ಆಯ್ಕೆಯನ್ನು ಓದುವ ಸಾಲುಗಳು ಪುಟದ ತಲೆಭಾಗದಲ್ಲೇ ಇರಬೇಕು. ಇಲ್ಲದಿದ್ದರೆ ಕಪ್ಪು ಬೇಕೆಂದವರ ಕಣ್ಣಿಗೆ ಮೊದಲು ಬಿಳಿ ಬೆಳಕು ಹೊಡೆಯುತ್ತದೆ. 2019ರಿಂದೀಚೆಗೆ ಸಫಾರಿ, ಫೈರ್‌ಫಾಕ್ಸ್, ಕ್ರೋಮ್‌ಗಳು ಸಾಧನದಲ್ಲಿ ಡಾರ್ಕ್ ಮೋಡ್ ಇದೆಯೇ ಎಂಬುದನ್ನೂ ಪುಟಕ್ಕೆ ತಿಳಿಸುತ್ತವೆ.

ಆಯ್ಕೆ ಕೊಟ್ಟರಷ್ಟೇ ಸಾಲದು, ಕೊಟ್ಟ ಬಣ್ಣಗಳಲ್ಲಿ ಅಕ್ಷರ ಎದ್ದು ಕಾಣಬೇಕು. ವೆಬ್ ಪುಟಗಳು ಎಲ್ಲರಿಗೂ ಬಳಸಲು ಸಿಗಬೇಕೆಂಬ 2008ರ ಡಬ್ಲ್ಯುಸಿಎಜಿ 2.0 ಮಾರ್ಗಸೂಚಿಯ ಎಎ ಹಂತದಂತೆ, ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5:1 ಕಾಂಟ್ರಾಸ್ಟ್ ಬೇಕು. ಬಿಳಿ ಹಿನ್ನೆಲೆಯ ಮೇಲೆ #767676 ಎಂಬ ಬೂದು ಬಣ್ಣ ತೇರ್ಗಡೆಯಾಗುತ್ತದೆ. ಅದಕ್ಕಿಂತ ಕೂದಲೆಳೆಯಷ್ಟು ತಿಳಿಯಾದ #777777 ಅನುತ್ತೀರ್ಣ.

ಕನ್ನಡಕ್ಕೆ ಈ ಕಾಂಟ್ರಾಸ್ಟ್ ಇನ್ನೂ ಮುಖ್ಯ: ನಮ್ಮ ಒತ್ತಕ್ಷರಗಳು ಚಿಕ್ಕವು. ಮಂಕು ಬಣ್ಣದಲ್ಲಿ ಮೊದಲು ಕಣ್ಮರೆಯಾಗುವುದು ಅವೇ. ಕನ್ನಡ ತಾಣ ಕಟ್ಟುವವರು ದಯವಿಟ್ಟು ಬಣ್ಣ ಬದಲಿಸುವ ಆ ಹತ್ತಾರು ಸಾಲುಗಳ ಸ್ಕ್ರಿಪ್ಟ್ ಬರೆಯಲಿ, ಬಣ್ಣದ ಆಯ್ಕೆಯನ್ನು ಓದುಗರಿಗೇ ಬಿಡಲಿ.